ಶಹಾಬಾದ್ ಕಲ್ಲಿನ ಊರುಗಳಲ್ಲಿ ಪುಟಾಣಿ ರೈಲು ನಿಲ್ದಾಣ

ಕಲಬುರಗಿ ದಾಟಿದ ರೈಲು ಶಹಾಬಾದ್ ಸಮೀಪಿಸುತ್ತಿದ್ದಂತೆ ಕಿಟಕಿಯಾಚೆ ಒಂದು ಬಣ್ಣ ಮೆಲ್ಲಗೆ ಎಲ್ಲವನ್ನೂ ಆವರಿಸಿಕೊಳ್ಳುತ್ತದೆ. ಹೊಲದ ಬದುವಿಗೆ ಚಪ್ಪಡಿ, ಮನೆಯ ಗೋಡೆಗೆ ಚಪ್ಪಡಿ, ಅಂಗಳಕ್ಕೆ, ಕಟ್ಟೆಗೆ, ಚರಂಡಿಯ ಮುಚ್ಚಳಕ್ಕೂ ಚಪ್ಪಡಿ. ಹೊರಗಿನವರು ಶಹಾಬಾದ್ ಕಲ್ಲು ಎಂದು ಕರೆಯುವ, ಇಲ್ಲಿನವರ ಬಾಯಲ್ಲಿ ಫರಸಿಯಾಗಿರುವ ಈ ಸುಣ್ಣಕಲ್ಲು ದೂರದಿಂದ ಬರೀ ಬೂದು. ಹತ್ತಿರ ಹೋದವರಿಗೆ ಮಾತ್ರ ಅದರಲ್ಲಿ ನೀಲಿಯ ಛಾಯೆ, ಹಳದಿಯ ಛಾಯೆ, ಅಲ್ಲಲ್ಲಿ ನಸುಗೆಂಪು ಕಾಣಸಿಗುತ್ತದೆ. ರಟ್ಟಿನಿಂದ ರೈಲು ನಿಲ್ದಾಣದ ಮಾದರಿ ಮಾಡುವ ಹವ್ಯಾಸಿ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿರಲಾರದು.

ಈ ಸೀಮೆಯ ರೈಲಿನ ಕತೆ ಹಳೆಯದು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಮೂರು ವರ್ಷಗಳ ಬಳಿಕ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಇರುವುದು ಈ ಎರಡನೆಯ ದಾರಿಯಲ್ಲಿ.

ಮಾದರಿ ಮಾಡುವ ಮಕ್ಕಳ ಮೊದಲ ತಪ್ಪು ಸಾಮಾನ್ಯವಾಗಿ ಒಂದೇ: ಬಣ್ಣದ ಶೀಶೆಯನ್ನು ತೆರೆದು, ಅದರಲ್ಲಿರುವುದನ್ನು ಹಾಗೆಯೇ ಬಳಿದುಬಿಡುವುದು. ಬೋರ್ಡು ಹಳದಿ ಎಂದರೆ ಅಪ್ಪಟ ಹಳದಿ, ಕಪ್ಪು ಎಂದರೆ ಕಾಡಿಗೆಯಂಥ ಕಪ್ಪು. ಮುಗಿದ ನಿಲ್ದಾಣ ಮಿಠಾಯಿ ಡಬ್ಬಿಯಂತೆ ಕಾಣುತ್ತದೆ. ಅಳತೆಯಲ್ಲಿ ಎಲ್ಲವೂ ಸರಿಯಿದ್ದರೂ ನೋಡಿದವರು ‘ಆಟಿಕೆ’ ಎನ್ನುವುದು ಇದರಿಂದಲೇ.

ಕಾರಣ ಗಾಳಿಯಲ್ಲಿದೆ. ರೈಲು ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಪ್ರಮಾಣದಲ್ಲಿ ಮಾದರಿಯು ನಿಜದ 87ನೇ ಒಂದು ಭಾಗ. ಅಂದರೆ ಮೇಜಿನ ಮೇಲಿನ ನಿಲ್ದಾಣವನ್ನು ಒಂದು ಮೀಟರ್ ದೂರದಿಂದ ನೋಡುವುದೂ, ನಿಜವಾದ ನಿಲ್ದಾಣವನ್ನು 87 ಮೀಟರ್ ದೂರದಿಂದ ನೋಡುವುದೂ ಒಂದೇ. ಅಷ್ಟು ದೂರದ ನಡುವೆ ಧೂಳು, ತೇವ, ಬೆಳಕು ತುಂಬಿದ ಗಾಳಿಯಿರುತ್ತದೆ. ಅದು ಪ್ರತಿ ಬಣ್ಣವನ್ನೂ ಕೊಂಚ ಮಾಸಿಸಿ, ಕೊಂಚ ತಿಳಿಯಾಗಿಸಿ ಕಣ್ಣಿಗೆ ಕಳಿಸುತ್ತದೆ. ಮೇಜಿನ ಮೇಲೆ ಆ ಗಾಳಿ ಇಲ್ಲ. ಆದ್ದರಿಂದ ಅದನ್ನು ಬಣ್ಣದಲ್ಲೇ ಬೆರೆಸಬೇಕು. ಕಪ್ಪಿಗೆ ಸ್ವಲ್ಪ ಬೂದು, ಬಿಳಿಗೆ ಒಂದು ಹನಿ ಕಂದು, ಹಳದಿಗೆ ತುಸು ಬಿಳಿ. ಹೊಳಪು ಬಣ್ಣ ಬೇಡವೇ ಬೇಡ. ಹಳೆಯ ಗೋಡೆ ಎಂದೂ ಕನ್ನಡಿಯಂತೆ ಮಿರುಗುವುದಿಲ್ಲ.

ಫರಸಿಯ ಬೂದು ಇನ್ನಷ್ಟು ತಾಳ್ಮೆ ಬೇಡುತ್ತದೆ. ಬಿಳಿಗೆ ಕಪ್ಪನ್ನಷ್ಟೇ ಬೆರೆಸಿದರೆ ಬರುವುದು ತಣ್ಣನೆಯ, ನೀಲಿಗೆ ತಿರುಗಿದ ಬೂದು. ಕಲ್ಲಿನ ಬಿಸುಪು ಅದರಲ್ಲಿರುವುದಿಲ್ಲ. ಚಿಟಿಕೆಯಷ್ಟು ಹಳದಿ ಮಣ್ಣಿನ ಬಣ್ಣವನ್ನೋ ಕಂದನ್ನೋ ಸೇರಿಸಿದಾಗ ಜೀವ ಬರುತ್ತದೆ. ಎಲ್ಲ ಕಲ್ಲುಗಳಿಗೂ ಒಂದೇ ಬಣ್ಣ ಹಾಕದೆ, ಅಲ್ಲೊಂದು ಇಲ್ಲೊಂದು ಕಲ್ಲಿಗೆ ನೀಲಿ ಹೆಚ್ಚಿಸಿ, ಮತ್ತೊಂದಕ್ಕೆ ಹಳದಿ ಹೆಚ್ಚಿಸಿ ಬಿಟ್ಟರೆ ಗೋಡೆ ತಾನೇ ಕಲ್ಲಿನ ಗೋಡೆಯಾಗುತ್ತದೆ. ಇದಕ್ಕೆ ಪುಸ್ತಕದ ಚಿತ್ರಕ್ಕಿಂತ ಒಂದು ಕಲ್ಲಿನ ಚೂರು ಮೇಲು. ಶಹಾಬಾದಿನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಅದಕ್ಕೆ ಕಾಸು ಕೊಡಬೇಕಿಲ್ಲ! ಬಣ್ಣವನ್ನು ರಟ್ಟಿನ ತುಂಡಿಗೆ ಬಳಿದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಒಣಗಿದ ಕಲ್ಲಿನ ಪಕ್ಕದಲ್ಲಿಟ್ಟು ನೋಡಬೇಕು. ಹಸಿ ಬಣ್ಣವೂ ಸುಳ್ಳು ಹೇಳುತ್ತದೆ, ಒದ್ದೆ ಕಲ್ಲೂ ಸುಳ್ಳು ಹೇಳುತ್ತದೆ. ಮಾದರಿ ಮನೆಯೊಳಗೆ ಟ್ಯೂಬ್‌ಲೈಟಿನಡಿ ಇರುವುದಾದರೆ ಕೊನೆಯ ತೀರ್ಮಾನವೂ ಆ ಬೆಳಕಿನಲ್ಲೇ ಆಗಬೇಕು.

ಕಲ್ಲುಗಳ ಸಂದಿಗೆ ಪೆನ್ಸಿಲಿನಿಂದ ಕಪ್ಪು ಗೆರೆ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಆಸೆ ತಾನಾಗಿ ಇಳಿಯುತ್ತದೆ. ಅರ್ಧ ಮಿಲಿಮೀಟರ್ ಗೆರೆಯೆಂದರೆ ನಿಜದಲ್ಲಿ ನಾಲ್ಕು ಸೆಂಟಿಮೀಟರಿಗೂ ಮಿಕ್ಕಿದ ಸಂದು. ಹಲ್ಲಿ ಓಡಾಡುವಷ್ಟು ಅಗಲ. ನೀರಾಗಿಸಿದ ಕಂದು ಬಣ್ಣವನ್ನು ಗೋಡೆಯ ಮೇಲೆ ಹರಿಯಬಿಟ್ಟು ಬಟ್ಟೆಯಿಂದ ಒರೆಸಿದರೆ ಸಂದಿಗಳಲ್ಲಿ ಉಳಿಯಬೇಕಾದಷ್ಟು ಮಾತ್ರ ಉಳಿಯುತ್ತದೆ.

ವಾಡಿಗೆ ಬಂದರೆ ಲೆಕ್ಕ ಬೇರೆ. 1968ರಲ್ಲಿ ಇಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ಮಳಖೇಡ, ಸೇಡಂಗಳಲ್ಲೂ ಕಾರ್ಖಾನೆಗಳಿವೆ. ಸಿಮೆಂಟಿನ ಧೂಳು ಗೋಡೆಯ ಮೇಲೆ ಸಮನಾಗಿ ಕೂರುವುದಿಲ್ಲ. ಛಾವಣಿ, ಕಿಟಕಿಯ ಸಜ್ಜ, ಬೇವಿನ ಎಲೆ, ಹೀಗೆ ಮೇಲ್ಮುಖವಾಗಿರುವಲ್ಲೆಲ್ಲ ಕೂರುತ್ತದೆ. ಹೆಚ್ಚುಕಡಿಮೆ ಒಣಗಿದ ಕುಂಚದಿಂದ ತಿಳಿಬೂದನ್ನು ಅಂಚುಗಳ ಮೇಲೆ ಸವರಿದರೆ ಸಾಕು.

ಆದರೆ ಯಾವ ವರ್ಷದ ವಾಡಿ? ಬಣ್ಣಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದು. ಉಗಿಬಂಡಿಗಳ ಕಾಲವಾದರೆ ಮೇಲ್ಸೇತುವೆಯ ಕೆಳಮೈಗೆ, ಛಾವಣಿಯ ಅಂಚಿಗೆ ಮಸಿ ಬೇಕು. ಆಗ ಸಿಮೆಂಟಿನ ಧೂಳು 1968ಕ್ಕೆ ಮುಂಚೆ ಬರಕೂಡದು. ಕೈಮರದ ಸಿಗ್ನಲ್ ಇದ್ದರೆ ಅದರ ಕೆಂಪು ತೋಳಿಗೆ ಬಿಳಿ ಪಟ್ಟಿ. ಇಂದಿನ ನಿಲ್ದಾಣವಾದರೆ ತಲೆಯ ಮೇಲೆ ವಿದ್ಯುತ್ ತಂತಿ, ಮಸಿಯ ಸುಳಿವಿಲ್ಲ. ಎರಡನ್ನೂ ಬೆರೆಸಿದ ಮಾದರಿ ಎಷ್ಟೇ ಅಂದವಾಗಿದ್ದರೂ ಅಜ್ಜನ ಎದುರು ನಿಲ್ಲದು.

ಅಜ್ಜಂದಿರ ನೆನಪನ್ನು ಬೇಗ ಕೇಳಿಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನಿಲ್ದಾಣಗಳನ್ನು ನವೀಕರಿಸುವ ಅಮೃತ್ ಭಾರತ್ ಯೋಜನೆಯ 2023ರ ಪಟ್ಟಿಯಲ್ಲಿ ಶಹಾಬಾದ್, ವಾಡಿ ಎರಡೂ ಸೇರಿವೆ. ಹೊಸ ಮುಖ ಬಂದಾಗ ಹಳೆಯ ಬಣ್ಣ ಅಡಿಗೆ ಹೋಗುತ್ತದೆ. ಕಪ್ಪುಬಿಳುಪು ಫೋಟೋಗಳು ಆಕಾರವನ್ನು ಉಳಿಸಿವೆಯೇ ಹೊರತು ಬಾಗಿಲು ಹಸಿರೋ ಕಂದೋ ಎಂಬುದನ್ನಲ್ಲ. ತಂದೆ ತಾಯಿ ಒಂದು ಭಾನುವಾರ ಪ್ಲಾಟ್‌ಫಾರಂ ಟಿಕೆಟ್ ಕೊಂಡು ಮಗುವನ್ನು ಕರೆದೊಯ್ದು, ಸ್ಟೇಷನ್ ಮಾಸ್ತರರನ್ನು ಕೇಳಿಕೊಂಡು, ಹಳಿಯಿಂದ ದೂರದಲ್ಲಿ ನಿಂತು, ಬಾಗಿಲು, ಕಂಬ, ಬೆಂಚುಗಳ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬಳಿದು ಗುರುತು ಹಾಕಿಸಿದರೆ, ಮುಂದೆ ಯಾವ ದಫ್ತರದಲ್ಲೂ ಸಿಗದ ದಾಖಲೆ ಆ ಮನೆಯಲ್ಲಿರುತ್ತದೆ.

ಚಿಂಚೋಳಿಯ ಚಂದಾಪುರದ ಹುಡುಗರಿಗೆ ಈ ಅನುಕೂಲವಿಲ್ಲ. ಅಲ್ಲಿ ರೈಲೇ ಇಲ್ಲ. ಹಾಗೆಂದು ಅಲ್ಲಿನವರು ಮಾದರಿ ಮಾಡಬಾರದೆಂದೇನಿಲ್ಲ. ಇಲ್ಲದ ನಿಲ್ದಾಣಕ್ಕೆ ಬಣ್ಣ ಹುಡುಕುವುದು ಇನ್ನೂ ಸೊಗಸಾದ ಕೆಲಸ. ಸೇಡಮಿನ ನಿಲ್ದಾಣವನ್ನು ಹಾಗೆಯೇ ಎತ್ತಿ ತಂದರೆ ಹೊಂದದು, ಏಕೆಂದರೆ ನೆಲ ಬೇರೆ. ಚಿಂಚೋಳಿ ಕಾಡಿನ ಕಡೆ ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು, ತಗ್ಗಿನಲ್ಲಿ ಕಪ್ಪು ಎರೆ. ಮಳೆಗಾಲದಲ್ಲಿ ಚಿಮ್ಮುವ ಕೆಸರು ಗೋಡೆಯ ಬುಡದ ಒಂದೆರಡು ಅಡಿಯನ್ನು ಕೆಂಪಾಗಿಸಿಬಿಡುತ್ತದೆ. ಆ ಮಣ್ಣನ್ನೇ ಒಣಗಿಸಿ, ಜರಡಿ ಹಿಡಿದು, ಅಂಟಿನೊಂದಿಗೆ ಮಾದರಿಯ ನೆಲಕ್ಕೆ ಹಾಕಬಹುದು. ಬಣ್ಣ ತಪ್ಪುವ ಪ್ರಶ್ನೆಯೇ ಇಲ್ಲ. ಕೊನೆಗೆ ಹಳದಿ ಬೋರ್ಡು: ಕಪ್ಪು ಅಕ್ಷರದಲ್ಲಿ ಮೇಲೆ ಕನ್ನಡ, ಕೆಳಗೆ ಹಿಂದಿ, ಇಂಗ್ಲಿಷ್. ಚಂದಾಪುರ ಎಂದು ಬರೆಯುವ ಮುನ್ನ ಆ ಹಳದಿಗೂ ಒಂದು ಹನಿ ಬಿಳಿ ಬೆರೆಸುವುದನ್ನು ಮರೆಯಬಾರದು.