ದೇವಗಂಗೆಯಿಂದ ವರಂಗದವರೆಗೆ: ಮಲೆಯ ಕಿರುಗೆರೆಗಳು

ನಿಂತ ನೀರಿಗೆ ಕನ್ನಡದಲ್ಲಿ ಹೆಸರುಗಳು ಹಲವು. ಏರಿ ಕಟ್ಟಿ ಹರಿವನ್ನು ತಡೆದರೆ ಅದು ಕೆರೆ. ಮೆಟ್ಟಿಲುಗಳನ್ನಿಟ್ಟು ದೇವಾಲಯದ ಬಳಿ ನಿಲ್ಲಿಸಿದರೆ ಪುಷ್ಕರಣಿ ಅಥವಾ ಕಲ್ಯಾಣಿ. ಬೆಟ್ಟದ ಬಂಡೆಯ ತಗ್ಗಿನಲ್ಲಿ ತಾನಾಗಿ ನಿಂತರೆ ದೊಣೆ. ಹೊಳೆಯ ಆಳದಲ್ಲಿ ನಿಂತರೆ ಮಡು. ಇವುಗಳಲ್ಲಿ ಬಯಲುಸೀಮೆಯ ಕೆರೆಗೆ ಸಂಶೋಧಕರ ಗಮನ ಸಾಕಷ್ಟು ದೊರೆತಿದೆ. ಏರಿ, ತೂಬು, ಕೋಡಿಗಳ ರಚನೆಯನ್ನೂ, ಕೆರೆಯ ಪಾಲನೆಗೆಂದು ಬಿಟ್ಟ ಬಿತ್ತುವಟ್ಟದ ಭೂಮಿಯನ್ನೂ ಕುರಿತು ವಿಸ್ತಾರವಾದ ಚರ್ಚೆಗಳು ನಡೆದಿವೆ. ಮಲೆನಾಡಿನ ಕಿರುಗೆರೆಗಳಿಗೆ ಅಂತಹ ಗಮನ ದೊರೆತದ್ದು ಕಡಿಮೆ. ಕಾರಣವೂ ಸಹಜವಾದುದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ಮಳೆಯ ಸೀಮೆಯಲ್ಲಿ ಕೆರೆಯ ಹಂಗೇಕೆ ಎಂದು ಯಾರಿಗಾದರೂ ತೋರುವುದುಂಟು.

ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿಗೂ ಬಹುಕಾಲ ಹಾಗೆಯೇ ತೋರಿತ್ತು. ಹೊಂಬುಜದ ಪಂಚಕೂಟ ಬಸದಿಗೆ ಸಂಬಂಧಿಸಿದ 1077ರ ಶಾಸನವನ್ನು ಅವರು ಸ್ನಾತಕೋತ್ತರ ತರಗತಿಗಳಿಗೆ ಅನೇಕ ವರ್ಷ ಪಾಠ ಹೇಳಿದ್ದರು. ಗಂಗವಂಶದಲ್ಲಿ ಹುಟ್ಟಿ, ಕಾಡುವೆಟ್ಟಿಯ ಪತ್ನಿಯಾಗಿ, ತಂಗಿಯ ಮಕ್ಕಳಾದ ಸಾಂತರ ಕುಮಾರರನ್ನು ಸಾಕಿ ಬೆಳೆಸಿದ ಚಟ್ಟಲದೇವಿ ಆ ಬಸದಿಯನ್ನು ಕಟ್ಟಿಸಿದಳು. ‘ಉರ್ವೀತಿಲಕ’ವೆಂಬುದು ಅದರ ಹೆಸರು. ಅವಳ ಪುಣ್ಯಕಾರ್ಯಗಳನ್ನು ಎಣಿಸುವಲ್ಲಿ ಬಸದಿ, ಸತ್ರಗಳ ಜೊತೆಗೆ ಕೆರೆ ಬಾವಿಗಳ ಮಾತೂ ಬರುತ್ತದೆ. ಆ ಭಾಗ ಬಂದಾಗ ಅಧ್ಯಾಪಕರು, “ಇದು ಶಾಸನಗಳ ರೂಢಿಯ ವರ್ಣನೆ, ಮುಂದಿನ ಸಾಲಿಗೆ ಹೋಗೋಣ” ಎನ್ನುತ್ತಿದ್ದರು. ತಮ್ಮ ಪ್ರತಿಯ ಅಂಚಿನಲ್ಲಿ ‘ರೂಢಿ’ ಎಂದು ಪೆನ್ಸಿಲಿನಿಂದ ಬರೆದೂ ಇದ್ದರು.

ಅವರ ಹುಟ್ಟುಮನೆಯ ತೋಟದ ತಲೆಯಲ್ಲಿ ಒಂದು ಕೆರೆಯಿತ್ತು. ಜಂಬಿಟ್ಟಿಗೆಯ ಮೆಟ್ಟಿಲು, ಒಂದು ಬದಿಯಲ್ಲಿ ಹಲಸಿನ ಮರ, ನಾಲ್ಕು ಮಾರು ಅಗಲ. ಕೆರೆಯೆಂಬ ಹೆಸರಿಗೆ ಅದು ದೊಡ್ಡದೇನೂ ಅಲ್ಲ. ಕೊಳವೆಬಾವಿ ಬಂದ ಮೇಲೆ ಹೂಳು ತೆಗೆಯುವವರಿಲ್ಲದೆ ಅದು ಪಾಚಿಗಟ್ಟಿತು. ಮಣ್ಣು ತುಂಬಿಸಿ ಅಡಕೆ ಒಣಗಿಸುವ ಅಂಗಳ ಮಾಡಿಕೊಳ್ಳೋಣವೆಂದು ತಮ್ಮ ಕೇಳಿದಾಗ ಅಧ್ಯಾಪಕರು ಒಪ್ಪಿದರು. ಹದಿನೆಂಟು ವರ್ಷಗಳ ತರುವಾಯ, ಒಂದು ಬೇಸಿಗೆಯಲ್ಲಿ ಕೊಳವೆಬಾವಿಯೂ ಕೈಕೊಟ್ಟಿತು. ಟ್ಯಾಂಕರಿನ ನೀರಿಗಾಗಿ ಕಾಯುತ್ತ ಅದೇ ಅಂಗಳದ ಮೇಲೆ ನಿಂತಿದ್ದ ಅವರಿಗೆ, ಈ ಮಲೆಯ ಹಳಬರು ನೀರನ್ನು ಎಲ್ಲೆಲ್ಲಿ ಹೇಗೆ ನಿಲ್ಲಿಸಿದ್ದರೆಂಬುದನ್ನು ಕಣ್ಣಾರೆ ನೋಡಬೇಕೆನಿಸಿತು. ಮಳೆಗಾಲದಲ್ಲಿ ಎಲ್ಲ ಹಳ್ಳವೂ ಕೆರೆಯೇ. ಆದುದರಿಂದ ಅವರು ಹೊರಟದ್ದು ಚೈತ್ರದಲ್ಲಿ.

ಮೊದಲು ನೋಡಿದ್ದು ನಗರದ ಸಮೀಪದ ದೇವಗಂಗೆ. ಬಿದನೂರೆಂಬ ಹೆಸರಿನಲ್ಲಿ ಕೆಳದಿಯ ಅರಸರ ರಾಜಧಾನಿಯಾಗಿ, ಶಿವಪ್ಪನಾಯಕನ (1645–1660) ಆಳ್ವಿಕೆಯಲ್ಲಿ ಏಳಿಗೆ ಹೊಂದಿದ ಊರದು. 1763ರಲ್ಲಿ ಹೈದರಾಲಿಯ ವಶವಾಯಿತು. ಊರ ಹೊರಗೆ, ಕಾಡಿನ ಅಂಚಿನಲ್ಲಿ, ಕಲ್ಲಿನಿಂದ ಕಟ್ಟಿದ ಕೊಳಗಳ ಸಾಲು ಇದೆ. ನಡುವಿನ ದೊಡ್ಡ ಕೊಳದ ಸುತ್ತಮುತ್ತ ಕಮಲದ ಆಕಾರದ್ದೊಂದು, ನಕ್ಷತ್ರದ ಆಕಾರದ್ದೊಂದು ಹೀಗೆ ಬೇರೆ ಬೇರೆ ರೂಪದ ಚಿಕ್ಕ ಕೊಳಗಳಿವೆ. ಗುಡ್ಡದ ಒರತೆಯಿಂದ ಬಂದ ನೀರು ಇಳಿಜಾರಿನ ಬಲದಿಂದಲೇ ಹರಿದು ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ. ಇದು ಅರಮನೆಯ ವಿಲಾಸಕ್ಕಾಗಿ ಮಾಡಿದ್ದೆಂದು ನೋಡಿದವರು ಹೇಳುವುದು ತಪ್ಪಲ್ಲ. ಆದರೆ ಅಧ್ಯಾಪಕರಿಗೆ ವಿಶೇಷವಾಗಿ ಕಂಡದ್ದು ಬೇರೊಂದು. ಕಮಲದ ದಳಗಳನ್ನು ಕಡೆದ ಶಿಲ್ಪಿಗಿಂತ ಮೊದಲು ಅಲ್ಲಿ ಒಬ್ಬನು ಬೇಸಿಗೆಯಲ್ಲಿ ಬತ್ತದ ಒರತೆ ಯಾವುದೆಂದು ಹುಡುಕಿರಬೇಕು. ಅದು ಎತ್ತ ಇಳಿಯುತ್ತದೆಂದು ಅಳೆದಿರಬೇಕು. ಅರಮನೆ ಅಳಿದು, ಕೋಟೆಯ ಗೋಡೆಗಳ ಮೇಲೆ ಮರ ಬೆಳೆದಿದ್ದರೂ, ಆತನ ಲೆಕ್ಕ ತಪ್ಪಿರಲಿಲ್ಲ. ಚೈತ್ರದ ಬಿಸಿಲಿನಲ್ಲಿಯೂ ಕೊಳಕ್ಕೆ ನೀರು ಸದ್ದಿಲ್ಲದೆ ಬರುತ್ತಿತ್ತು.

ಹೊಸನಗರದ ಕಡೆಗೆ ಬರುವಾಗ ಲಿಂಗನಮಕ್ಕಿ ಜಲಾಶಯದ ಹಿನ್ನೀರು ಹಿಂದೆ ಸರಿದಿತ್ತು. 1964ರಲ್ಲಿ ಮುಗಿದ ಆ ಅಣೆಕಟ್ಟು ಶರಾವತಿಯನ್ನು ತಡೆದು ನಾಡಿಗೆ ಬೆಳಕು ಕೊಟ್ಟಿತು. ಹಲವು ಊರುಗಳನ್ನು ಅವುಗಳ ಕೆರೆ ಬಾವಿಗಳ ಸಮೇತ ಮುಳುಗಿಸಿತು. ಬಿರುಕುಬಿಟ್ಟ ಕೆಸರಿನ ಬಯಲನ್ನು ನೋಡಿದವರಿಗೆ ಮಲೆನಾಡಿನ ನೀರಿನ ಸ್ವಭಾವ ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ. ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ನೆಲ ಕಡಿದಾದುದು, ಜಂಬಿಟ್ಟಿಗೆ ರಂಧ್ರಗಳಿಂದ ತುಂಬಿದ ಕಲ್ಲು. ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಹೀಗಾಗಿ ಮಳೆ ಹೆಚ್ಚಿರುವ ಊರಿಗೂ ಬೇಸಿಗೆಯ ನೀರಿನ ಚಿಂತೆ ತಪ್ಪಿದ್ದಲ್ಲ.

ಹೊಂಬುಜದ ಮುತ್ತಿನ ಕೆರೆ ಇದಕ್ಕೆ ಉತ್ತರವೆಂಬಂತೆ ಇದೆ. ಉತ್ತರಮಧುರೆಯಿಂದ ಬಂದ ಜಿನದತ್ತರಾಯನು ಲಕ್ಕಿಯ ಮರದ ಕೆಳಗೆ ತಂಗಿದನೆಂಬುದು ಸಾಂತರ ವಂಶದ ಮೂಲಕಥೆ. ಬಾಡದ ಲಕ್ಕಿಯ ಮರ, ಬತ್ತದ ಮುತ್ತಿನ ಕೆರೆ, ನಿಲ್ಲದ ಕುಮುದ್ವತಿ ಈ ಮೂರನ್ನು ಕ್ಷೇತ್ರದ ಅತಿಶಯಗಳೆಂದು ಜನ ಎಣಿಸುತ್ತಾರೆ. ಇತಿಹಾಸದ ವಿದ್ಯಾರ್ಥಿ ಅತಿಶಯವನ್ನು ಪ್ರಮಾಣವೆಂದು ತೆಗೆದುಕೊಳ್ಳಲಾರನು. ಆದರೂ ಮೂರು ಅತಿಶಯಗಳಲ್ಲಿ ಎರಡು ನೀರನ್ನು ಕುರಿತವು, ಉಳಿದೊಂದು ನೀರಿನಿಂದ ಹಸುರಾಗಿರುವ ಗಿಡವನ್ನು ಕುರಿತದ್ದು ಎಂಬುದನ್ನು ಅವನು ಕಡೆಗಣಿಸಬಾರದು. ಮಳೆಗೆ ಕೊರತೆಯಿಲ್ಲದ ಸೀಮೆಯ ಜನ ಪವಾಡವೆಂದು ಕರೆದದ್ದು ಮಳೆಯನ್ನಲ್ಲ, ಬೇಸಿಗೆಯಲ್ಲಿ ನಿಂತ ನೀರನ್ನು. ಕೆರೆಯ ದಡದಲ್ಲಿ ಕುಳಿತು ಚಟ್ಟಲದೇವಿಯ ಶಾಸನವನ್ನು ಮತ್ತೆ ತೆರೆದ ಅಧ್ಯಾಪಕರು ಅಂಚಿನ ‘ರೂಢಿ’ಯನ್ನು ಬಹಳ ಹೊತ್ತು ನೋಡಿದರು.

ಮರುದಿನ ಕುಂದಾದ್ರಿ. ಸುಮಾರು 3,200 ಅಡಿ ಎತ್ತರದ ಈ ಬೆಟ್ಟಕ್ಕೆ ಕುಂದಕುಂದಾಚಾರ್ಯರ ಹೆಸರು ಅಂಟಿಕೊಂಡಿದೆ. ಆಚಾರ್ಯರ ಊರಾದ ಕೊಂಡಕುಂದೆಯನ್ನು ವಿದ್ವಾಂಸರು ಆಂಧ್ರದ ಅನಂತಪುರದ ಕಡೆಯ ಕೊನಕೊಂಡ್ಲದೊಡನೆ ಗುರುತಿಸುತ್ತಾರೆ. ಅವರು ಇಲ್ಲಿ ತಪಸ್ಸು ಮಾಡಿದರೆಂಬುದು ಸಂಪ್ರದಾಯದ ಮಾತು. ನೆತ್ತಿಯ ಮೇಲೆ ಪಾರ್ಶ್ವನಾಥನ ಬಸದಿ, ಅದರ ಬಳಿಯಲ್ಲೇ ಬಂಡೆಯ ನಡುವೆ ಕೊಳ. ಬೆಟ್ಟದ ತುದಿಯಾದುದರಿಂದ ಮೇಲಿನಿಂದ ಹರಿದುಬರುವ ತೊರೆಯೊಂದಿಲ್ಲ. ಮುಗಿಲಿನಿಂದ ಬಿದ್ದದ್ದನ್ನು ಬಂಡೆ ಹಿಡಿದಿಟ್ಟುಕೊಂಡಿದೆ. ತಪಸ್ಸಿಗೆ ಬೆಟ್ಟವನ್ನು ಆರಿಸಿಕೊಂಡವರು ಮೊದಲು ದೊಣೆಯನ್ನು ನೋಡಿಕೊಂಡೇ ಆರಿಸಿಕೊಂಡಿರಬೇಕು.

ಬಸದಿಯ ಇಂದ್ರರು ಕೊಡಪಾನದ ಬಾಯಿಗೆ ಮಡಿಸಿದ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಸೋಸಿ ಮುಗಿದ ಮೇಲೆ ಬಟ್ಟೆಯನ್ನು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲನೆ ಹೊಯ್ದು, ಅದು ಕೊಳಕ್ಕೇ ಇಳಿಯುವಂತೆ ಮಾಡಿದರು. ಅಧ್ಯಾಪಕರು ಕೇಳಿದರು:

“ಅದನ್ನು ಆಚೆ ಚೆಲ್ಲಿದರೆ ಆಗದೇ, ಇಂದ್ರರೇ?”

“ಅದರಲ್ಲಿರೋ ಜೀವ ಈ ನೀರಿನದು, ಮೇಷ್ಟ್ರೇ. ಬೇರೆ ಕಡೆ ಬಿಟ್ಟರೆ ಬದುಕುತ್ತದೆಯೇ? ತಂದಲ್ಲಿಗೇ ಬಿಡಬೇಕು.”

ಶ್ರಾವಕಾಚಾರದ ಗ್ರಂಥಗಳನ್ನು ಪಾಠದ ನಿಮಿತ್ತ ಓದಿದ್ದ ಅಧ್ಯಾಪಕರಿಗೆ ಈ ವಿಧಿ ಹೊಸದಲ್ಲ. ಭೂಮಿ ನೀರುಗಳೇ ಜೀವವುಳ್ಳವೆಂದು ನಂಬುವ ಧರ್ಮದಲ್ಲಿ ಕೆರೆ ತೋಡುವುದೂ ನಿರ್ದೋಷವಾದ ಕೆಲಸವಲ್ಲ. ಹಾಗಿದ್ದರೂ ಆ ಧರ್ಮವನ್ನು ನಡೆಸಿದ ಗೃಹಸ್ಥರು, ರಾಣಿಯರು ಕೆರೆಗಳನ್ನು ಕಟ್ಟಿಸಿದರು. ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರ ಜೀವನೋಪಾಯಗಳ ಪಟ್ಟಿಯಲ್ಲಿ ಕೆರೆ ಸರೋವರಗಳನ್ನು ಒಣಗಿಸುವುದೂ ಒಂದೆಂದು ಶಾಸ್ತ್ರ ಹೇಳಿತು. ತರಗತಿಯಲ್ಲಿ ಹದಿನೈದನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಅಧ್ಯಾಪಕರಿಗೆ ಅಂದು ಬೆಟ್ಟ ಇಳಿಯುವಾಗ ಆ ಒಂದು ಹೆಸರು ಮಾತ್ರ ಬಿಡದೆ ಹಿಂಬಾಲಿಸಿತು. ಮನೆಯ ಕೆರೆಗೆ ಮಣ್ಣು ಸುರಿದ ದಿನ ಹಲಸಿನ ಬುಡದಲ್ಲಿ ಕಪ್ಪೆಗಳು ರಾತ್ರಿಯಿಡೀ ಕೂಗಿದ್ದು ಅವರಿಗೆ ನೆನಪಿತ್ತು.

ಆಗುಂಬೆಯ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿಗಳನ್ನು ದಾಟಿದರೆ ವರಂಗ. ಘಟ್ಟದ ಮೇಲಿನ ಹೊಂಬುಜಕ್ಕೂ ಕೆಳಗಿನ ಈ ಊರಿಗೂ ಹಳೆಯ ನಂಟಿದೆ. ಕಳಸ–ಕಾರ್ಕಳದ ಭೈರರಸರು ತಮ್ಮನ್ನು ಜಿನದತ್ತರಾಯನ ವಂಶದವರೆಂದೇ ಹೇಳಿಕೊಂಡರು. ಹೊಂಬುಜದ ಮಠದ ಪರಂಪರೆ ವರಂಗದಲ್ಲಿಯೂ ಮುಂದುವರಿಯಿತು. ವಿಜಯನಗರದ ಇಮ್ಮಡಿ ದೇವರಾಯನು 1424ರಲ್ಲಿ ವರಂಗ ಗ್ರಾಮವನ್ನು ಇಲ್ಲಿನ ನೇಮಿನಾಥ ಬಸದಿಗೆ ದತ್ತಿಯಾಗಿ ಬಿಟ್ಟನು. ಊರಿನ ಇನ್ನೊಂದು ಬಸದಿ ಕೆರೆಯ ನಡುವೆಯೇ ಇದೆ. ನಾಲ್ಕು ದಿಕ್ಕಿಗೂ ಮುಖವುಳ್ಳ ಆ ಚತುರ್ಮುಖ ಬಸದಿಗೆ ದೋಣಿಯಲ್ಲಿಯೇ ಹೋಗಬೇಕು. ಹಿನ್ನೆಲೆಯಲ್ಲಿ ಪಶ್ಚಿಮಘಟ್ಟದ ಗೋಡೆ.

ದೋಣಿ ನಡೆಯಬೇಕಾದರೆ ಕೆರೆಯಲ್ಲಿ ನೀರಿರಬೇಕು. ನೀರಿರಬೇಕಾದರೆ ಕೆರೆಯಲ್ಲಿ ಹೂಳು ತುಂಬಬಾರದು. ದೇವರನ್ನು ನೀರಿನ ನಡುವೆ ಕೂರಿಸಿದವರು ಪೂಜೆಯನ್ನೂ ಕೆರೆಯ ಪಾಲನೆಯನ್ನೂ ಬೇರ್ಪಡಿಸಲಾಗದಂತೆ ಹೆಣೆದರು. ಅಧ್ಯಾಪಕರು ಕಂಡ ಕೊಳಗಳಲ್ಲಿ ಉಳಿದವೆಲ್ಲ ಇಂತಹ ಯಾವುದೋ ಒಂದು ಕಟ್ಟಿನಿಂದ ಉಳಿದಿದ್ದವು. ದಾರಿಯುದ್ದಕ್ಕೂ ಹೆಸರಿಲ್ಲದ ಎಷ್ಟೋ ಕಿರುಗೆರೆಗಳು ಮುಂಡಗದ ಪೊದೆಗಳಡಿ ಹೂಳಿನಲ್ಲಿ ಮುಚ್ಚಿಹೋಗಿದ್ದವು. ಅವುಗಳಿಗೆ ಇದ್ದ ಕಟ್ಟು ತೋಟದ ಮನೆಗಳದು ಮಾತ್ರ. ಮನೆಯವರಿಗೆ ನೀರು ಬೇರೆಡೆಯಿಂದ ಬಂದೊಡನೆ ಅದು ಸಡಿಲಿತು.

ಮನೆಗೆ ಮರಳಿದ ಅಧ್ಯಾಪಕರು ಅಂಗಳದ ಒಂದು ಪಾಲನ್ನು ಅಗೆಸೋಣವೆಂದಾಗ ತಮ್ಮನಿಗೆ ಸಮಾಧಾನವಾಗಲಿಲ್ಲ. “ಅಣ್ಣಯ್ಯ, ಹದಿನೆಂಟು ವರ್ಷದ ಹಿಂದೆ ನೀನೇ ಹೂಂ ಅಂದಿದ್ದೆ. ಈಗ ಅಡಕೆ ಎಲ್ಲಿ ಹರವೋದು?” ಎಂದನು. ಆತನ ಮಾತಿನಲ್ಲಿ ಸುಳ್ಳಿರಲಿಲ್ಲ; ಅಣ್ಣ ಎದುರಾಡಲೂ ಇಲ್ಲ. ಎರಡು ದಿನದ ಬಳಿಕ ತಮ್ಮನೇ ಇಬ್ಬರು ಆಳುಗಳನ್ನು ಕರೆತಂದನು. ಮುಂಗಾರಿನ ಮೊದಲ ಮಳೆ ಬಂದು ಕೆಲಸ ನಿಲ್ಲುವ ಹೊತ್ತಿಗೆ ಜಂಬಿಟ್ಟಿಗೆಯ ನಾಲ್ಕು ಮೆಟ್ಟಿಲುಗಳು ಹೊರಬಿದ್ದಿದ್ದವು. ಅಧ್ಯಾಪಕರ ನೆನಪಿನಂತೆ ಒಟ್ಟು ಹನ್ನೊಂದಿರಬೇಕು. ಒರತೆ ಇನ್ನೂ ಸಿಕ್ಕಿರಲಿಲ್ಲ. ಉಳಿದ ಏಳು ಮೆಟ್ಟಿಲುಗಳನ್ನು ಮುಂದಿನ ಬೇಸಿಗೆಗೆ ಬಿಟ್ಟರು.

ಆ ಮಳೆಗಾಲದಲ್ಲಿ ಅವರು ಶಾಸನದ ಪ್ರತಿಯ ಅಂಚಿನಲ್ಲಿದ್ದ ‘ರೂಢಿ’ ಎಂಬ ಮಾತನ್ನು ಅಳಿಸಿದರು. ಆ ಜಾಗದಲ್ಲಿ, ಚಟ್ಟಲದೇವಿಯ ಕೆರೆ ಬಾವಿಗಳ ಮಾತಿನ ಎದುರಿಗೆ, ಎರಡು ಪ್ರಶ್ನೆಗಳನ್ನು ಬರೆದಿಟ್ಟರು: ಯಾವ ಕೆರೆ? ಈಗ ಎಲ್ಲಿದೆ?