ಬಚ್ಚಲ ಕಿಟಕಿ

ನಮ್ಮ ದೋಣಿಮನೆ ನೋಡಲು ಬರುವ ಇಂಗ್ಲಿಷರು ಕಲ್ಲಿದ್ದಲ ಒಲೆಯನ್ನು ಹೊಗಳುತ್ತಾರೆ, ಮಡಚಿಡುವ ಮೇಜನ್ನು ಮೆಚ್ಚುತ್ತಾರೆ, ಬಚ್ಚಲ ಬಾಗಿಲಿಗೆ ಬಂದಾಗ ಮಾತ್ರ ಹುಬ್ಬೇರಿಸುತ್ತಾರೆ. ಷವರಿನ ನೀರು ನೇರವಾಗಿ ಬಡಿಯುವ ಗೋಡೆಯಲ್ಲೇ ಒಂದು ಕಿಟಕಿ. "ಇದನ್ನಿನ್ನೂ ಮುಚ್ಚಿಸಿಲ್ಲವೇ?" ಎಂಬುದು ಖಾಯಂ ಪ್ರಶ್ನೆ. ಅಮ್ಮನದು ಬೇರೆಯೇ ಲೆಕ್ಕ. ನಮ್ಮೂರು ಸಾಗರದಿಂದ ವಿಡಿಯೋ ಕಾಲ್‌ನಲ್ಲಿ ಮೊದಲ ಸಲ ದೋಣಿ ನೋಡಿದಾಗ ಹಾಲ್, ಅಡುಗೆಮನೆ ಎಲ್ಲ ಬಿಟ್ಟು "ಬಚ್ಚಲು ತೋರ್ಸು" ಅಂದಿದ್ದಳು. ತೋರಿಸಿದೆ. "ಕಿಟಕಿ ಇದ್ಯಲ್ಲ, ಸಾಕು ಬಿಡು. ಇಲ್ದಿದ್ರೆ ಹೊಗೆ ಎಲ್ಲಿಗೆ ಹೋಗ್ತಿತ್ತು?" ಅಂದಳು. ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುರುಕಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳಿಗೆ ಬಚ್ಚಲ ಕಿಟಕಿ ಇರುವುದೇ ಹೊಗೆಗಾಗಿ. ಅದರಿಂದ ಹೊರಗೆ ನೋಡುವ ಚಟವೂ ಒಂದಿರಬಹುದು ಅಂತ ಅವಳಿಗೆ ನಾನಿನ್ನೂ ಹೇಳಿಲ್ಲ.

ನಾವಿರುವುದು ನ್ಯಾರೋಬೋಟಿನಲ್ಲಿ. ಆಕ್ಸ್‌ಫರ್ಡ್ ಕಾಲುವೆಯ ಮೇಲೆ ಬ್ರೌನ್‌ಸ್ಟನ್‌ನಿಂದ ಬ್ಯಾನ್‌ಬರಿ ಕಡೆಗೆ, ಮತ್ತೆ ವಾಪಸು, ನಿಧಾನಕ್ಕೆ ಓಡಾಡಿಕೊಂಡಿರುತ್ತೇವೆ. ಕಾಯಂ ತಂಗುದಾಣ ಇಲ್ಲದ ದೋಣಿ ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, 1995ರಿಂದ ಹಾಗೊಂದು ಕಾಯಿದೆ. ದೋಣಿಯ ಉದ್ದ 57 ಅಡಿ, ಅಗಲ 6 ಅಡಿ 10 ಅಂಗುಲ. ಉದ್ದವನ್ನು ಕೊಳ್ಳುವವರು ಜೇಬು ನೋಡಿಕೊಂಡು ತೀರ್ಮಾನಿಸಬಹುದು. ಅಗಲದ ಮಾತು ಯಾರ ಕೈಯಲ್ಲೂ ಇಲ್ಲ. ಅದನ್ನು ಇನ್ನೂರೈವತ್ತು ವರ್ಷದ ಹಿಂದೆಯೇ ಜೇಮ್ಸ್ ಬ್ರಿಂಡ್ಲಿ ಎಂಬಾತ ಮುಗಿಸಿಟ್ಟು ಹೋಗಿದ್ದಾನೆ.

ಬ್ರಿಂಡ್ಲಿ ಡರ್ಬಿಶೈರಿನವನು, ಗಿರಣಿಗಳ ಯಂತ್ರ ಕಟ್ಟುವುದು ಕಸುಬು. ಓದು ಬರಹ ಅಷ್ಟಕ್ಕಷ್ಟೆ, ತಲೆ ಮಾತ್ರ ಬಲು ಚುರುಕು. ಬಿಡಿಸಲಾಗದ ಸಮಸ್ಯೆ ಎದುರಾದರೆ ಹೋಗಿ ಹಾಸಿಗೆಯ ಮೇಲೆ ಮಲಗುತ್ತಿದ್ದನಂತೆ. ಉತ್ತರ ಹೊಳೆದ ಮೇಲೇ ಏಳುವುದು. (ನಮ್ಮನೆಯವರು ಈ ಪದ್ಧತಿಯ ಪೂರ್ವಾರ್ಧವನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ.) 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಯಿಂದ ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕಿಳಿದು ಅವನ ಹೆಸರು ದೊಡ್ಡದಾಯಿತು. 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆ ಅಗೆಯತೊಡಗಿದಾಗ ದಾರಿಗಡ್ಡ ಹೇರ್‌ಕ್ಯಾಸಲ್ ಗುಡ್ಡ. ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯಬೇಕು. ಸುರಂಗ ಕಿರಿದಾದಷ್ಟೂ ಖರ್ಚು ಕಡಿಮೆ. ದೋಣಿಯನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಲಾಕ್ ಕಿರಿದಾದಷ್ಟೂ ನೀರಿನ ಉಳಿತಾಯ. ಹಾಗೆ ಆ ಕಾಲುವೆಯ ಹೆಚ್ಚಿನ ಲಾಕ್‌ಗಳಿಗೆ ಏಳಡಿ ಅಗಲ ಗೊತ್ತಾಯಿತು. ಇದನ್ನೂ ಹಾಸಿಗೆಯಲ್ಲೇ ಲೆಕ್ಕ ಹಾಕಿದನೋ ಏನೋ. ಕಾಲುವೆ ಮುಗಿದದ್ದು 1777ರಲ್ಲಿ. ಬ್ರಿಂಡ್ಲಿ 1772ರಲ್ಲೇ ತೀರಿಕೊಂಡಿದ್ದ. ಮಧ್ಯ ಇಂಗ್ಲೆಂಡಿನ ಎಷ್ಟೋ ಕಾಲುವೆಗಳು ಅದೇ ಅಳತೆಯನ್ನು ಹಿಡಿದವು. ಹಾಗಾಗಿ ಇವತ್ತಿಗೂ ನಾನು ಷವರಿನಡಿ ಕೈ ಚಾಚಿದರೆ ಒಂದು ಮೊಣಕೈ ಬಾಗಿಲಿಗೆ, ಇನ್ನೊಂದು ಕಿಟಕಿಗೆ.

ಅಗಲ ಗೊತ್ತಾದ ಮೇಲೆ ಉದ್ದ ಪಾಲಾಯಿತು. ದಂಡೆಯ ಮೇಲೆ ನಡೆಯುವ ಒಂದೇ ಒಂದು ಕುದುರೆ ಸುಮಾರು 25 ಟನ್ ಸರಕಿನ ದೋಣಿಯನ್ನು ಎಳೆಯುತ್ತಿತ್ತು. ಆ ದೋಣಿಯ ಎಪ್ಪತ್ತಡಿ ಉದ್ದದಲ್ಲಿ ಹೆಚ್ಚೂಕಡಿಮೆ ಎಲ್ಲವೂ ಕಲ್ಲಿದ್ದಲಿಗೆ, ಜೇಡಿಮಣ್ಣಿಗೆ, ಧಾನ್ಯಕ್ಕೆ. ಹಿಂಬದಿಯ ಹತ್ತಡಿಯಷ್ಟು ಮನುಷ್ಯರಿಗೆ. ಮೊದಮೊದಲು ಹೆಂಡತಿ ಮಕ್ಕಳು ಹೆಚ್ಚಾಗಿ ದಡದ ಮನೆಯಲ್ಲೇ ಇರುತ್ತಿದ್ದರು. ರೈಲು ಬಂದು ಸಾಗಣೆಯ ದರ ಕುಸಿದಾಗ, ಮನೆ ಬಾಡಿಗೆಯೂ ಉಳಿಯಲಿ, ಸಂಬಳ ಕೇಳದ ಆಳುಗಳೂ ಸಿಗಲಿ ಅಂತ ಇಡೀ ಸಂಸಾರ ಆ ಹತ್ತಡಿಗೆ ಬಂತು. ಗಂಡ ಹೆಂಡತಿ, ಮೂರು ನಾಲ್ಕು ಮಕ್ಕಳು, ಒಲೆ, ಮಡಚುವ ಮಂಚ, ನಾಯಿ. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ 1875ರಲ್ಲಿ ಈ ಬದುಕಿನ ಬಗ್ಗೆ ಪುಸ್ತಕವನ್ನೇ ಬರೆದು ಗಲಾಟೆ ಎಬ್ಬಿಸಿದ. 1877ರಲ್ಲಿ ಕಾನೂನು ಬಂತು, 1884ರಲ್ಲಿ ಅದಕ್ಕೆ ಇನ್ನಷ್ಟು ಬಿಗಿ. ದೋಣಿಯನ್ನು ವಾಸದ ಮನೆಯೆಂದು ನೋಂದಾಯಿಸಬೇಕು, ಎಷ್ಟು ಜನ ಮಲಗಬಹುದೆಂದು ನಮೂದಾಗಬೇಕು, ಅಧಿಕಾರಿ ಬಂದು ತಪಾಸಣೆ ಮಾಡಬೇಕು.

ಆ ಹತ್ತಡಿಯಲ್ಲಿ ಬಚ್ಚಲಿಗೆ ಎಲ್ಲಿಯ ಜಾಗ? ಕುಡಿಯುವ ನೀರಿಗೆ ಛಾವಣಿಯ ಮೇಲೆ ಗುಲಾಬಿ, ಕೋಟೆಗಳ ಚಿತ್ರ ಬರೆದ ಚೆಂದದ ಕ್ಯಾನು. ಕೈಕಾಲು ಮುಖಕ್ಕೆ, ಪಾತ್ರೆಗೆ ಹಿಡಿಯಿರುವ ಒಂದು ಬೋಗುಣಿ, ಅದರ ಮೇಲೂ ಗುಲಾಬಿ. ಎರಡನೇ ಮಹಾಯುದ್ಧದಲ್ಲಿ ಗಂಡಸರು ಸಾಲದೆ ಸರಕು ಸಾಗಿಸಲು ತರಬೇತಿ ಪಡೆದು ಬಂದ ಹುಡುಗಿಯರಿಗೂ ಬಕೆಟ್ಟು ಬೋಗುಣಿಗಳೇ ಗತಿ. ಬೆಳಕೂ ಹಾಗೆಯೇ, ತೆರೆದ ಬಾಗಿಲಿನಿಂದ ಬಂದಷ್ಟು. ಹಲವು ದೋಣಿಗಳ ಛಾವಣಿಯಲ್ಲಿ ಬುಲ್ಸ್‌ಐ ಎಂಬ ದಪ್ಪನೆಯ ಉಬ್ಬುಗಾಜು ಇರುತ್ತಿತ್ತು, ಈಗಲೂ ಅಲಂಕಾರಕ್ಕೆಂದು ಕೂರಿಸಿಕೊಳ್ಳುವವರಿದ್ದಾರೆ. ಅದು ಅಪಾಯದ ವಸ್ತು. ಬಿಸಿಲು ನೆಟ್ಟಗೆ ಬಿದ್ದರೆ ಭೂತಗನ್ನಡಿಯಾಗಿ ಒಳಗಿನ ಹಾಸಿಗೆಯನ್ನೇ ಸುಟ್ಟೀತು. ಹಾಗೆ ಬೆಂಕಿ ಹತ್ತಿದ್ದೂ ಉಂಟು.

ನನ್ನ ಕಿಟಕಿ ಇರುವುದು ದೋಣಿಯ ನಟ್ಟನಡುವೆ, ಹಳೆಯ ದೋಣಿಯಲ್ಲಾದರೆ ಕಲ್ಲಿದ್ದಲು ಸುರಿಯುತ್ತಿದ್ದ ಜಾಗದಲ್ಲಿ. ಅಲ್ಲಿಗೆ ಮನುಷ್ಯರು ಬಂದದ್ದು ಸರಕು ಹೋದ ಮೇಲೆ. 1939ರಲ್ಲಿ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ಕ್ರೆಸ್ಸಿ ಹೆಸರಿನ ಹಳೆಯ ದೋಣಿಯನ್ನು ಮನೆ ಮಾಡಿಕೊಂಡು ಹೆಂಡತಿಯೊಂದಿಗೆ ಇದೇ ಬ್ಯಾನ್‌ಬರಿಯಿಂದ ಹೊರಟ. ಆ ಪ್ರಯಾಣದ ಬಗ್ಗೆ 1944ರಲ್ಲಿ ಬಂದ ಅವನ ಪುಸ್ತಕ ಓದಿ ಮುಚ್ಚಿಹೋಗುತ್ತಿದ್ದ ಕಾಲುವೆಗಳ ಮೇಲೆ ಜನಕ್ಕೆ ಮಮತೆ ಹುಟ್ಟಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತವು. ಕುಂಟುತ್ತಿದ್ದ ಸರಕು ಸಾಗಣೆಗೆ ಅಲ್ಲಿಗೆ ಹೆಚ್ಚುಕಡಿಮೆ ಮಂಗಳ. ಆಮೇಲೆ ಬಂದದ್ದು ರಜೆಯ ಜನ, ಅವರ ಹಿಂದೆ ನಮ್ಮಂಥ ವಾಸದ ಜನ. ಈಗ ಪಕ್ಕಕ್ಕೆಲ್ಲ ಸಾಲಾಗಿ ದುಂಡು ಕಿಟಕಿ ಕೊರೆಸಿ ಹಿತ್ತಾಳೆ ಬಳೆ ತೊಡಿಸಿ 'ಸಾಂಪ್ರದಾಯಿಕ' ಎಂದು ಬೀಗುವವರನ್ನು ಕಂಡರೆ ನನಗೆ ನಗು. ಆ ಸಾಲು ಕಿಟಕಿಗಳ ಜಾಗದಲ್ಲಿ ಹಿಂದೆ ಇದ್ದದ್ದು ಟಾರ್ಪಾಲು, ಅದರಡಿ ಕಲ್ಲಿದ್ದಲು.

ಬಚ್ಚಲ ಕಿಟಕಿಯ ಮೇಲಿನ ಆಪಾದನೆಗಳು ಸುಳ್ಳೇನಲ್ಲ. ದೋಣಿಯ ಉಕ್ಕಿನ ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ವಾಲುತ್ತದೆ, ಕಿಟಕಿಯೂ ಅದರ ಜೊತೆಗೇ. ಹಾಗಾಗಿ ಗಾಜಿನ ಕೆಳಗೆ ಬೆರಳಗಲದ ಒಂದು ಕಟ್ಟೆ ತಾನಾಗಿ ಉಳಿಯುತ್ತದೆ. ಷವರಿನ ನೀರು ಅಲ್ಲಿ ನಿಲ್ಲುತ್ತದೆ, ನಿಂತದ್ದು ಸಂದು ಹುಡುಕುತ್ತದೆ. ಅಲ್ಯುಮಿನಿಯಂ ಚೌಕಟ್ಟಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿವೆ. ಆದರೆ ಅವು ಗಾಜಿನ ಮೇಲೆ ಕಟ್ಟುವ ಹನಿಗೆ ಲೆಕ್ಕ ಹಾಕಿ ಕೊರೆದವು, ಧಾರೆಗಲ್ಲ. ಮಿಕ್ಕ ನೀರು ಒಳಹೊದಿಕೆಯ ಪ್ಲೈವುಡ್ಡಿನ ಹಿಂದೆ ಇಳಿಯುತ್ತದೆ. ಒಂದು ದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೆನೆದ ರೊಟ್ಟಿಯ ಹಾಗೆ ತಗ್ಗುತ್ತದೆ. ಚಳಿಗಾಲದಲ್ಲಿ ಚೌಕಟ್ಟಿನ ಲೋಹ ಹೊರಗಿನ ಚಳಿಯನ್ನು ನೇರ ಒಳಗೆ ತರುವುದರಿಂದ ಆವಿ ಅಲ್ಲೇ ನೀರಾಗಿ ಸಿಲಿಕೋನಿನ ಅಂಚಿಗೆ ಕರಿ ಬೂಷ್ಟು ಹಿಡಿಯುತ್ತದೆ. ಪಕ್ಕದ ದೋಣಿಯ ಮುದುಕರೊಬ್ಬರು, ಈ ಕಾಲುವೆಯಲ್ಲೇ ಹಣ್ಣಾದವರು, ಒಮ್ಮೆ ಒಳಗೆ ಬಂದು ನೋಡಿ "ಉಕ್ಕಿನ ತಗಡು ಬೆಸೆಸಿಬಿಡಮ್ಮಾ, ಒಂದು ಬಲ್ಬು ಹಾಕು, ಮುಗೀತು" ಅನ್ನುವ ಅರ್ಥದ ಸಲಹೆ ಕೊಟ್ಟಿದ್ದರು. ಬಲ್ಬಿಗೆ ಬೆಳಗ್ಗೆ ಆರೂ ಒಂದೇ, ಸಂಜೆ ಆರೂ ಒಂದೇ. ನಾನು ಒಪ್ಪಲಿಲ್ಲ.

ಯಾಕೆಂದರೆ ಷವರಿನಡಿ ನಿಂತಾಗ ನಾನು ನಿಂತಿರುವುದು ಕಾಲುವೆಯ ನೀರಿಗಿಂತ ಕೆಳಗೆ. ಹೊರಗಿನ ನೀರಿನ ಮಟ್ಟ ನನ್ನ ಮೊಣಕಾಲಿನ ಹತ್ತಿರ. ಆದ್ದರಿಂದಲೇ ಸ್ನಾನದ ನೀರು ತಾನಾಗಿ ಹರಿದು ಹೋಗುವುದಿಲ್ಲ. ಸ್ವಿಚ್ ಒತ್ತಬೇಕು, ಪುಟ್ಟ ಪಂಪು ಗೊಟಗೊಟ ಎನ್ನುತ್ತ ಮೇಲೆತ್ತಿ ಹೊರಗೆ ಚೆಲ್ಲಬೇಕು. ಕಿಟಕಿ ನನ್ನ ಎದೆಯಿಂದ ನೆತ್ತಿಯವರೆಗೆ. ಅದರಾಚೆ ನೀರುಕೋಳಿಯೊಂದು ಜೊಂಡಿನ ಎಲೆ ಕಚ್ಚಿಕೊಂಡು ಹೋಗುವುದು ಕಣ್ಣಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಕಾಣುತ್ತದೆ. ಹಂಸಕ್ಕಂತೂ ಉದ್ದ ಕತ್ತು, ದಾಕ್ಷಿಣ್ಯವೇ ಇಲ್ಲ. ಗಾಜಿಗೆ ಕೊಕ್ಕಿನಿಂದ ಟಕಟಕ ಕುಟ್ಟಿ ತಿನ್ನಲು ಕೇಳುತ್ತದೆ.

ಮನುಷ್ಯರ ಸಮಸ್ಯೆ ಬೇರೆ. ಕುದುರೆ ನಡೆದ ದಾರಿಯಲ್ಲಿ ಈಗ ನಾಯಿ ಹಿಡಿದವರು, ಸೈಕಲ್ಲಿನವರು, ನಸುಕಿನಲ್ಲೇ ಓಡುವವರು. ದೋಣಿ ಕಟ್ಟುವುದು ಸಾಮಾನ್ಯವಾಗಿ ಆ ದಾರಿಯ ಬದಿಗೇ. ದಾರಿ ಕಾಲುವೆಯ ಒಂದೇ ಪಕ್ಕದಲ್ಲಿರುವುದರಿಂದ ಬಚ್ಚಲ ಕಿಟಕಿ ದಾರಿಗೆ ಬೀಳುತ್ತದೋ ನೀರಿಗೆ ಬೀಳುತ್ತದೋ ಎಂಬುದು ದೋಣಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಹೋಗುತ್ತದೆ. ಬ್ರೌನ್‌ಸ್ಟನ್‌ಗೆ ಹೋಗುವಾಗ ನನಗೆ ಜೊಂಡು, ನೀರುಕೋಳಿ; ವಾಪಸು ಬರುವಾಗ ಓಟಗಾರರ ಬೂಟು. ಬೇಡವೆಂದರೆ ದೋಣಿ ತಿರುಗಿಸಬಹುದಲ್ಲ ಎಂದೀರಿ. 57 ಅಡಿಯ ದೋಣಿಯನ್ನು ಕಂಡಲ್ಲಿ ತಿರುಗಿಸಲು ಬರುವುದಿಲ್ಲ. ಅದಕ್ಕೆಂದೇ ದಡವನ್ನು ಕಚ್ಚಿ ಅಗಲ ಮಾಡಿದ ಜಾಗಗಳಿವೆ, ಒಂದರಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ದೂರ. ವೇಗದ ಮಿತಿ ಗಂಟೆಗೆ ನಾಲ್ಕೇ ಮೈಲಿ. ಮಾನ ಮುಚ್ಚಿಕೊಳ್ಳಲು ಅರ್ಧ ದಿನದ ಪ್ರಯಾಣ!

ಇನ್ನೊಂದು ಫಜೀತಿ ಲಾಕಿನದು. ನಮ್ಮಲ್ಲಿ ಎಂಜಿನ್ನಿನ ಬಿಸಿಗೇ ಸ್ನಾನದ ನೀರು ಕಾಯುತ್ತದೆ, ಹಾಗಾಗಿ ದೋಣಿ ಸಾಗುವಾಗಲೇ ಸ್ನಾನ ಲಾಭದ ಬಾಬತ್ತು. ನ್ಯಾಪ್ಟನ್ ಗುಡ್ಡದ ಲಾಕ್‌ಗಳನ್ನು ಹತ್ತುವಾಗ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಿದ್ದೆ. ಬಚ್ಚಲು ಇದ್ದಕ್ಕಿದ್ದಂತೆ ಕತ್ತಲಾಯಿತು. ನೋಡಿದರೆ ಗಾಜಿನಿಂದ ಗೇಣು ದೂರವೂ ಇಲ್ಲದ ಹಾಗೆ ಲಾಕಿನ ಗೋಡೆ. ಹಳೆಯ ಇಟ್ಟಿಗೆ, ಸಂದಿನಲ್ಲಿ ಪುಟ್ಟ ಜರೀಗಿಡ, ಅದರ ಎಲೆಯ ತುದಿಯಿಂದ ತೊಟ್ಟಿಕ್ಕುವ ನೀರು, ಪಾಚಿಯ ಮೇಲೆ ಒಂದು ಬಸವನಹುಳು. ಅಷ್ಟು ಹತ್ತಿರದಿಂದ ಆ ಇಟ್ಟಿಗೆಗಳನ್ನು ದಡದ ಮೇಲೆ ನಿಂತವರು ಯಾರೂ ನೋಡಿರಲಾರರು. ನೋಡುತ್ತ ಮೈಮರೆತೆ. ಮೇಲಿನ ಗೇಟಿನಿಂದ ನೀರು ಬಿಟ್ಟಂತೆ ದೋಣಿ ಏರತೊಡಗಿತು. ಇಟ್ಟಿಗೆಗಳು ಸಾಲುಸಾಲಾಗಿ ಕೆಳಗಿಳಿದವು. ಬಸವನಹುಳು ಹೋಯಿತು, ಗೋಡೆಯ ಅಂಚಿನ ಕಲ್ಲು ಬಂತು, ಕಲ್ಲಿನ ಮೇಲೆ ಎರಡು ಜೊತೆ ಬೂಟು ಬಂತು, ಬೂಟಿನ ಮೇಲೆ ಮೊಣಕಾಲು. ಸುಮ್ಮನೆ ನಿಂತು ದೋಣಿ ನೋಡುವ ಇಂಥವರಿಗೆ ಕಾಲುವೆಯವರು ಗಾಂಗೂಜ್ಲರ್ ಅನ್ನುತ್ತಾರೆ. ಮುಖ ಬರುವುದರೊಳಗೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಲಾಕ್ ಹತ್ತಿರ ಬಂತೆಂದು ಒಂದು ಕೂಗು ಹಾಕಬಾರದಿತ್ತೇ ಎಂದು ಆಮೇಲೆ ನಮ್ಮನೆಯವರನ್ನು ತರಾಟೆಗೆ ತೆಗೆದುಕೊಂಡರೆ, "ಕಿಟಕಿ ಬೇಕು ಅಂದೋಳು ನೀನೇ ಅಲ್ವಾ" ಅಂದರು.

ಹೌದು, ಬೇಕು. ನ್ಯಾಪ್ಟನ್ ಹತ್ತಿ ಮುಗಿದರೆ ಕ್ಲೇಡನ್‌ವರೆಗೆ 11 ಮೈಲಿ ಲಾಕೇ ಇಲ್ಲ. ಬ್ರಿಂಡ್ಲಿಯ ಪದ್ಧತಿಯೆಂದರೆ ಗುಡ್ಡ ಕಡಿಯದೆ, ದಿಬ್ಬ ಕಟ್ಟದೆ, ನೆಲದ ಮಟ್ಟ ಹಿಡಿದು ಬಳಸಿಕೊಂಡು ಹೋಗುವುದು. ಕಾಗೆ ನೇರವಾಗಿ ಹಾರಿದರೆ ಇದರ ಅರ್ಧ ದೂರವೂ ಆಗಲಿಕ್ಕಿಲ್ಲ. ವರ್ಮ್‌ಲೇಟನ್ ಹತ್ತಿರ ಕಾಲುವೆ ಒಂದು ಗುಡ್ಡದ ಮೂರು ಬದಿಯನ್ನೂ ಸುತ್ತಿ ಬರುತ್ತದೆ. ಅಲ್ಲಿ ಸ್ನಾನಕ್ಕಿಳಿದರೆ ಬೆಳಗಿನ ಬಿಸಿಲು ಮೊದಲು ಬೆನ್ನಿನ ಮೇಲೆ, ಸೋಪು ಹಚ್ಚುವಷ್ಟರಲ್ಲಿ ಛಾವಣಿಯ ಮೇಲೆ, ನೀರು ಸುರಿದುಕೊಳ್ಳುವ ಹೊತ್ತಿಗೆ ಮಾಯ. ಮತ್ತೊಂದು ತಿರುವಿಗೆ ಕಾಲುವೆಯ ಅಲೆಗಳ ನೆರಳುಬೆಳಕು ಬಚ್ಚಲ ತುಂಬ ಕುಣಿಯುತ್ತದೆ. ಟ್ಯಾಂಕಿನ ನೀರು ಲೆಕ್ಕದ್ದೆಂದು ಗೊತ್ತಿದ್ದೂ ಅಲ್ಲಿ ನಾನು ಷವರ್ ನಿಲ್ಲಿಸುವುದು ತಡ.

ಕಡೆಗೆ ಬಡಗಿಯನ್ನು ಕರೆಸಿದೆವು. ಕೊಳೆತ ಪ್ಲೈವುಡ್ ಕಿತ್ತು, ಕಟ್ಟೆಯನ್ನು ಒಳಮುಖವಾಗಿ ಇಳಿಜಾರು ಮಾಡಿ, ಅದರ ಮೇಲೂ ಸುತ್ತಲಿನ ಗೋಡೆಗೂ ನೀರು ಹೀರದ ಅಕ್ರಿಲಿಕ್ ಹೊದಿಸಿದ. ಉಳಿದದ್ದು ಗಾಜಿಗೆ ಅಂಟಿಸುವ ಮಸುಕು ಹಾಳೆಯ ಎತ್ತರ. ನನ್ನ ಭುಜದವರೆಗೆ ಅಂಟಿಸಿದರೆ ಆರಡಿಯ ಇವರ ಎದೆ ದಾರಿಹೋಕರ ಪಾಲು. ಇವರ ಭುಜದವರೆಗೆ ಅಂಟಿಸಿದರೆ ನನಗೆ ಕಿಟಕಿಯೇ ಇಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಇವರಿಗೆ ಇಷ್ಟೊಂದು ನಾಚಿಕೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ದಿನ ಹಾಳೆಯ ಸುರುಳಿ ಬಿಚ್ಚದೆ ಬಿದ್ದಿತ್ತು. ಕೊನೆಗೆ ನನ್ನ ಅಳತೆಗೇ ಅಂಟಿಸಿದ್ದಾಯಿತು. ಕಿಟಕಿ ದಾರಿಗೆ ಬಿದ್ದ ದಿನ ಇವರು ಮಣೆ ಹಾಕಿಕೊಂಡು, ಬಕೆಟ್ಟು ಚೊಂಬು ಇಟ್ಟುಕೊಂಡು, ತಮ್ಮ ಅಜ್ಜನ ಹಾಗೆ ಕೂತೇ ಸ್ನಾನ ಮಾಡುತ್ತಾರೆ. ನೀರು ಉಳಿಯುತ್ತದೆ, ಅದು ಬೇರೆ. ಸ್ನಾನ ಮುಗಿಸಿದವರು ಗಾಜು, ಚೌಕಟ್ಟು, ಕಟ್ಟೆ ಮೂರನ್ನೂ ಒರೆಸಿಯೇ ಹೊರಬರಬೇಕು ಅನ್ನುವುದು ಈಗ ಮನೆಯ ಕಾನೂನು. ಮುಂದಿನ ಬೇಸಿಗೆಗೆ ಅಮ್ಮ ಬರುವವಳಿದ್ದಾಳೆ. ಅವಳಿಗಾದರೂ ವಿನಾಯಿತಿ ಕೊಡು ಅನ್ನುತ್ತಾರೆ ಇವರು. ಕೊಡುವುದಿಲ್ಲ.