ಇಳಿಯುವುದೆಂಬ ಒಂದು ಮಾತು

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮ ಶಾಲೆಯವರು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಒಪ್ಪುವಂಥಾದ್ದು ನಮ್ಮಲ್ಲೇನಿದೆಯೆಂದು ಬಹಳವಾಗಿ ಯೋಚಿಸಿದೆವು. ಕಡೆಗೆ ನಾವು ಮಾಡಿದ ಒಂದು ತಪ್ಪನ್ನೇ ಬರೆಯುವುದೆಂದು ನಿಶ್ಚಯಿಸಿದೆವು. ತಪ್ಪನ್ನು ಒಪ್ಪಿಕೊಳ್ಳುವ ಪಾಠವನ್ನೂ ಈ ಶಾಲೆಯಲ್ಲಿಯೇ ಕಲಿತೆವಷ್ಟೆ.

ಇಂಗ್ಲಿಷನ್ನು ಇಲ್ಲಿಯೂ ಫ್ರೆಂಚನ್ನು ಮುಂದೆ ಕಾಲೇಜಿನಲ್ಲಿಯೂ ಕಲಿತ ನಮಗೆ, ಕೆಲವು ವರ್ಷಗಳ ಕೆಳಗೆ ಇಂಗ್ಲೆಂಡಿನ ಸ್ನೇಹಿತೆಯೊಬ್ಬರು ತಮ್ಮ ಅಜ್ಜನವರ ಟಿಪ್ಪಣಿಯೊಂದನ್ನು ಕಳುಹಿಸಿ, ಫ್ರೆಂಚಿಗೆ ಭಾಷಾಂತರಿಸಿಕೊಡಬೇಕೆಂದು ಕೇಳಿಕೊಂಡರು. ಆ ಅಜ್ಜನವರು 1944ನೆಯ ಇಸವಿ ಜೂನ್ 6ರ ಬೆಳಿಗ್ಗೆ ನಾರ್ಮಂಡಿಯ ತೀರಕ್ಕೆ ಸೈನಿಕರನ್ನು ಕೊಂಡೊಯ್ದ ದೋಣಿಯ ನಾವಿಕರಾಗಿದ್ದರು. ಅವರ ದೋಣಿಯಿಂದ ಇಳಿದು ಮಡಿದ ತರುಣನೊಬ್ಬನ ಸಮಾಧಿಗೆ ವರ್ಷ ವರ್ಷವೂ ಹೂವಿಡುತ್ತಿದ್ದ ಅಲ್ಲಿನ ವೃದ್ಧೆಯೊಬ್ಬರು ಅದನ್ನು ಓದಲು ಬಯಸಿದ್ದರು.

ನಾವು ಹಿಗ್ಗಿನಿಂದ ಕುಳಿತು ಒಂದೇ ವಾರದಲ್ಲಿ ಕೆಲಸ ಮುಗಿಸಿದೆವು. ಆ ವೃದ್ಧೆಯ ಉತ್ತರ ಬಂದಿತು. ವಂದನೆಗಳ ಕೆಳಗೆ ಒಂದೇ ಪ್ರಶ್ನೆಯಿತ್ತು: ‘ಈ ಹುಡುಗನು ಸಮುದ್ರದಿಂದ ಬಂದವನೆಂದು ಇಷ್ಟು ವರ್ಷ ನಂಬಿದ್ದೆನು, ಆಕಾಶದಿಂದ ಬಂದವನೋ?’

ನಮ್ಮ ಎದೆ ಧಸಕ್ಕೆಂದಿತು. ಕನ್ನಡದಲ್ಲಿ ಎತ್ತಿನ ಬಂಡಿಯಿಂದಲೂ ಇಳಿಯುತ್ತೇವೆ, ಹಡಗಿನಿಂದಲೂ ಇಳಿಯುತ್ತೇವೆ; ವಿಮಾನವೂ ಇಳಿಯುತ್ತದೆ. ಇಂಗ್ಲಿಷಿನವರಿಗೂ ಲ್ಯಾಂಡಿಂಗ್ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ಫ್ರೆಂಚಿನಲ್ಲಿ ಹಾಗಲ್ಲ. ವಿಮಾನ ನೆಲ ಮುಟ್ಟಿದರೆ ಅತೆರಿಸಾಜ್. ಸೈನ್ಯವು ಹಡಗಿನಿಂದ ದಡಕ್ಕಿಳಿದರೆ ದೆಬಾರ್ಕ್‌ಮಾಂ. ಈ ಎರಡನೆಯ ಮಾತಿನ ಹೊಟ್ಟೆಯೊಳಗೆ ಬಾರ್ಕ್, ಎಂದರೆ ದೋಣಿ, ಅಡಗಿದೆ. ನಾವು ನಿಘಂಟಿನಲ್ಲಿ ಮೊದಲು ಕಂಡ ಮಾತನ್ನೇ ಬರೆದಿದ್ದೆವು. ಆ ದಿನ ಸುಮಾರು 1,32,000 ಜನ ಸಮುದ್ರಮಾರ್ಗವಾಗಿಯೂ ಸುಮಾರು 23,000 ಜನ ಪ್ಯಾರಾಷೂಟುಗಳಿಂದಲೂ ಗ್ಲೈಡರುಗಳಿಂದಲೂ ಆಕಾಶಮಾರ್ಗವಾಗಿಯೂ ಬಂದಿದ್ದರು. ನಮ್ಮ ಒಂದು ಮಾತು ಸತ್ತವನೊಬ್ಬನನ್ನು ಅವನ ಸಂಗಡಿಗರಿಂದ ಬೇರ್ಪಡಿಸಿ ಬೇರೆ ಪಂಕ್ತಿಯಲ್ಲಿ ನಿಲ್ಲಿಸಿತ್ತು.

ಕ್ಷಮೆ ಬೇಡಿ ಬರೆದು, ಇಡೀ ಟಿಪ್ಪಣಿಯನ್ನು ಮೊದಲಿನಿಂದ ತಿದ್ದಲು ಕುಳಿತೆವು. ಈ ಸಲ ಪ್ರತಿಯೊಂದು ಮಾತನ್ನೂ ನಿಲ್ಲಿಸಿ ವಿಚಾರಿಸಿದೆವು. ಟ್ಯಾಂಕುಗಳನ್ನು ದಡಕ್ಕಿಳಿಸುವ ದೊಡ್ಡ ಹಡಗಿಗೆ ಫ್ರೆಂಚ್ ನೌಕಾಪಡೆಯವರು ಇಟ್ಟ ಹೆಸರಿನಲ್ಲಿ ಬಾತಿಮಾಂ ಎಂದೂ ಶಾರ್ ಎಂದೂ ಎರಡು ಮಾತುಗಳಿವೆ. ಊರಿನಲ್ಲಿ ಬಾತಿಮಾಂ ಎಂದರೆ ಕಟ್ಟಡ; ಶಾರ್ ಎಂದರೆ ಮೂಲದಲ್ಲಿ ರಥ. ರಥಗಳನ್ನಿಳಿಸುವ ಕಟ್ಟಡ! ಆದರೆ ಸಮುದ್ರದ ಮೇಲೆ ಬಾತಿಮಾಂ ಹಡಗೇ, ಯುದ್ಧದಲ್ಲಿ ಶಾರ್ ಟ್ಯಾಂಕೇ. ಸೈನಿಕರನ್ನು ತಂದ ಚಿಕ್ಕ ದೋಣಿಗಳನ್ನು ಜನರು ಪೆನಿಶ್ ಎಂದರು; ಅದು ಫ್ರಾನ್ಸಿನ ನದಿಗಳಲ್ಲಿಯೂ ಕಾಲುವೆಗಳಲ್ಲಿಯೂ ಸರಕು ಹೊರುವ ಚಪ್ಪಟೆ ತಳದ ದೋಣಿಯ ಹೆಸರು. ಡಿ-ಡೇ ಎಂಬಲ್ಲಿನ ಡಿ ಅಕ್ಷರವು ಡೇ ಎಂಬುದರ ಮೊದಲಕ್ಷರವೇ ಆದುದರಿಂದ, ದಿನಕ್ಕೆ ಜೂರ್ ಎನ್ನುವ ಫ್ರೆಂಚರು ಅಕ್ಷರವನ್ನೂ ಬದಲಿಸಿ ಜೂರ್-ಝಿ ಎಂದರು.

ಒಂದು ಮಾತಂತೂ ತವರಿಗೆ ಬಂದ ಮಗಳಂತೆ ಕಂಡಿತು. ನದಿಯಾಚೆಯ ದಡದಲ್ಲಿ ಸೈನ್ಯವು ಹಿಡಿದ ನೆಲೆಗೆ ಫ್ರೆಂಚರು ತೆತ್ ದ ಪೋಂ, ಎಂದರೆ ಸೇತುವೆಯ ತಲೆ, ಎನ್ನುತ್ತಿದ್ದರು. ಇಂಗ್ಲಿಷಿನವರು ಅದನ್ನು ಬ್ರಿಜ್‌ಹೆಡ್ ಎಂದು ತಿರುಗಿಸಿಕೊಂಡರು. ಅದರ ಮಾದರಿಯಲ್ಲಿಯೇ ಕಡಲತೀರದ ನೆಲೆಗೆ ಬೀಚ್‌ಹೆಡ್ ಎಂಬ ಮಾತನ್ನು ಕಟ್ಟಿದರು. ಅದು ಮರಳಿ ಫ್ರೆಂಚಿಗೆ ಹೋಗಿ ತೆತ್ ದ ಪ್ಲಾಜ್ ಆಯಿತು.

ಆ ಬೆಳಿಗ್ಗೆ ಬ್ರಿಟಿಷ್ ಕಮಾಂಡೋಗಳೊಡನೆ 177 ಮಂದಿ ಫ್ರೆಂಚರೂ ತಮ್ಮ ಸ್ವದೇಶದ ದಡವನ್ನು ತುಳಿದರು. ಅವರ ನಾಯಕ ಫಿಲಿಪ್ ಕೀಫರ್ ಎಂಬವರು ಸ್ವತಂತ್ರ ಫ್ರೆಂಚ್ ನೌಕಾಪಡೆಯಲ್ಲಿ ಮೊದಲು ದುಭಾಷಿಯ ಕೆಲಸದಲ್ಲಿದ್ದವರು. ಇಂಗ್ಲಿಷಿನವರೊಡನೆ ಅಭ್ಯಾಸ ಮಾಡಿದ ಆ ಜನರ ಪಾಲಿಗೆ, ಎರಡು ಭಾಷೆಗಳ ನಡುವೆ ಒಂದು ಮಾತು ಜಾರಿದರೆ ಪ್ರಾಣವೇ ಜಾರೀತು. ನಮ್ಮ ಮಾತು ಜಾರಿದ್ದು ಎಲ್ಲವೂ ಮುಗಿದ ಮೇಲೆ, ಸುರಕ್ಷಿತವಾದ ಮೇಜಿನ ಮುಂದೆ. ಆದರೂ ಒಬ್ಬ ವೃದ್ಧೆಯ ಮನಸ್ಸು ಅದರಿಂದ ಕೆಲವು ದಿನ ಕದಡಿತು.

ನಮ್ಮ ಶಾಲೆಯಲ್ಲಿ ಭಾಷಾಂತರವನ್ನು ಕಲಿಸಿದ ಟೀಚರಮ್ಮನವರು, ಹುಡುಗಿಯರು ಅವಸರದಿಂದ ನಿಘಂಟನ್ನು ತೆರೆದರೆ ಅದನ್ನು ಮೆಲ್ಲಗೆ ಮುಚ್ಚಿಬಿಡುತ್ತಿದ್ದರು. ‘ಮೊದಲು ಆ ಸ್ಥಳದಲ್ಲಿ ಹೋಗಿ ನಿಲ್ಲಮ್ಮಾ, ಏನು ಕಾಣುತ್ತದೆ ಹೇಳು, ಮಾತು ಆಮೇಲೆ’ ಎನ್ನುತ್ತಿದ್ದರು. ಆಗ ಅದು ನಮಗೆ ಬೇಸರವಾಗುತ್ತಿತ್ತು. ಎರಡನೆಯ ಸಲ ನಾವು ಹಾಗೆಯೇ ಮಾಡಿದೆವು: ಕಣ್ಣು ಮುಚ್ಚಿ ಆ ತಣ್ಣನೆಯ ನೀರಿನಲ್ಲಿ ನಿಂತೆವು; ದೋಣಿಯ ಬಾಗಿಲು ಮುಂದಕ್ಕೆ ಬಿದ್ದುದನ್ನೂ, ತರುಣನೊಬ್ಬನು ಎದೆಮಟ್ಟದ ನೀರಿಗೆ ಕಾಲಿಟ್ಟುದನ್ನೂ ಕಂಡೆವು. ಆಮೇಲೆ ಬರೆದೆವು, ದೆಬಾರ್ಕ್‌ಮಾಂ ಎಂದು.

ವೃದ್ಧೆಯ ಎರಡನೆಯ ಕಾಗದ ಬಹಳ ಚಿಕ್ಕದು. ‘ಈಗ ಅವನು ಸಮುದ್ರದಿಂದಲೇ ಬಂದನು’ ಎಂದಿತ್ತು.